ಗಂಟೆಯ ಪಕ್ಕದ ಅರ

ರಾಜಧಾನಿಗೆ ಹೋಗಿಬಂದ ಶಿಷ್ಯ ಮುರಿಗೆಯ್ಯ ಗುರುಗಳನ್ನು ಕೇಳಿದ: “ಬುದ್ಧಿ, ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಕಂಚಿನ ಗಂಟೆ ತೂಗುಹಾಕಿದ್ದಾರೆ. ಎಲ್ಲ ಸರಿ, ಅದರ ಬಾಯಂಚಿನ ಒಳಗೆ ಅರ್ಧಕ್ಕೇ ಉಜ್ಜಿ ಬಿಟ್ಟ ಉಬ್ಬೊಂದಿದೆ. ಉಜ್ಜಿದ ಅರವನ್ನೂ ಪಕ್ಕದಲ್ಲೇ ಇಟ್ಟಿದ್ದಾರೆ, ತುಕ್ಕು ಹಿಡಿದಿದೆ. ಅಷ್ಟು ದೊಡ್ಡ ಅರಮನೆಯಲ್ಲಿ ಇನ್ನರ್ಧ ಉಜ್ಜುವವರು ಸಿಗಲಿಲ್ಲವೆ?”

ಗುರುಗಳು ಈ ಕತೆ ಹೇಳಿದರು.

ಆ ಸಂಗ್ರಹಾಲಯದ ವಸ್ತುಗಳನ್ನೆಲ್ಲ ನೋಡಿಕೊಳ್ಳಲು ಒಬ್ಬ ಪಾರುಪತ್ತೆಗಾರನಿದ್ದ. ಕುಂದು ಕಣ್ಣಿಗೆ ಬಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮೂರ್ತಿಯ ಮೂಗು ಮುಕ್ಕಾಗಿದ್ದರೆ ದೇವರಿಗೇ ಗದರುವ ಪೈಕಿ. ಒಮ್ಮೆ ಹೊಳೆ ನುಗ್ಗಿ ಒಂದೂರು ಪೂರ್ತಿ ಕೊಚ್ಚಿಹೋಯಿತು. ಕೆಸರಿನಲ್ಲಿ ಉಳಿದದ್ದು ಊರಗುಡಿಯ ಗಂಟೆ ಒಂದೇ. ಅದನ್ನು ಅರಮನೆಗೆ ತಂದರು. ಅದರ ನಾದ ಕೇಳಿ ಅರಸನೇ ಎದ್ದು ನಿಂತನಂತೆ. ಪಾರುಪತ್ತೆಗಾರ ಮಾತ್ರ ಬಗ್ಗಿ ಒಳಗೆ ನೋಡಿದ, ಉಬ್ಬು ಕಂಡಿತು. ಎರಕ ಹೊಯ್ದವನನ್ನು ಬೈದುಕೊಳ್ಳುತ್ತ ತಾನೇ ಅರ ಹಿಡಿದು ಕುಳಿತ.

ಅರ್ಧ ಉಜ್ಜಿದ್ದ. ಅಷ್ಟರಲ್ಲಿ ಒಬ್ಬ ಮುದುಕಿ ಒಳಗೆ ಬಂದಳು. ಕೊಚ್ಚಿಹೋದ ಊರಿನವಳು, ಗಂಟೆ ನೋಡಲೆಂದೇ ನಡೆದು ಬಂದಿದ್ದಳು. ಹೊರಗಿನ ಚಿತ್ತಾರವನ್ನು ಅವಳು ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಒಳಗೆ ಕೈ ಹಾಕಿ ಅಂಚಿನುದ್ದಕ್ಕೂ ತಡವಿದಳು. ಉಬ್ಬು ಸಿಕ್ಕಿತು. ಬೆರಳಿಗೆ ಕೆಂಪು ಪುಡಿ ಹತ್ತಿತು.

“ಸವೆದುಬಿಟ್ಟಿದೆಯಲ್ಲಪ್ಪಾ,” ಎಂದಳು.

“ಎರಕದವನ ತಪ್ಪಮ್ಮ ಅದು. ತೆಗೀತಾ ಇದೀನಿ.”

“ತಪ್ಪು ಅವನದ್ದಲ್ಲ, ನಂದು. ಗಂಟೆ ಎರಕ ಹೊಯ್ಯೋ ದಿನ ಪ್ರತಿ ಮನೆಯವರೂ ಏನಾದರೂ ಲೋಹ ಕರಗಿಸೋ ಮೂಸೆಗೆ ಹಾಕಬೇಕು, ನಮ್ಮೂರ ಪದ್ಧತಿ. ಒಬ್ರು ದೀಪ ಹಾಕಿದ್ರು, ಒಬ್ರು ಸೌಟು. ನನ್ನ ಹತ್ರ ಇದ್ದದ್ದು ತೀರಿಹೋದ ಮಗಳ ತಾಮ್ರದ ಕಡಗ. ಕೊಡೋಕೆ ಮನಸ್ಸೇ ಬರಲಿಲ್ಲ. ಹೊಯ್ದು ಮುಗೀತಾ ಬಂದಾಗ ಹಾಕಿದೆ, ಕರಗೋಕೆ ಅದಕ್ಕೆ ಹೊತ್ತು ಸಿಗಲಿಲ್ಲ, ಅಂಚಲ್ಲಿ ಹಾಗೇ ಉಬ್ಬಿ ಉಳೀತು. ದಿನಾ ಬೆಳಿಗ್ಗೆ ಗುಡಿಗೆ ಹೋಗಿ ಮುಟ್ಟಿ ಬರ್ತಿದ್ದೆ.”

ಪಾರುಪತ್ತೆಗಾರನ ಕೈಯಿಂದ ಅರ ಜಾರಿ ಬಿತ್ತು. ಅವನು ತಲೆಯೆತ್ತಿ ಗಂಟೆಯನ್ನು ನೋಡಿದ. ಅದುವರೆಗೆ ಅವನಿಗೆ ಅದು ಅರಸನ ಸೊತ್ತು. ಈಗ ಅಲ್ಲಿ ಒಂದು ಊರಿಗೆ ಊರೇ ಕಂಡಿತು. ಯಾರದೋ ದೀಪ, ಯಾರದೋ ಸೌಟು, ಯಾರದೋ ಮಗುವಿನ ಕಡಗ. ಅವುಗಳ ಮನೆಗಳು ಒಂದೂ ಉಳಿದಿಲ್ಲ, ಅವೆಲ್ಲ ಇಲ್ಲಿ ಕೂಡಿಕೊಂಡಿವೆ.  ಅವನು ಗಂಟೆಯ ನಾಲಗೆಯನ್ನು ಮೆಲ್ಲಗೆ ಎಳೆದು ಬಿಟ್ಟ. ನಾದ ಎದ್ದು ಕೋಣೆಯನ್ನೆಲ್ಲ ತುಂಬಿತು. ಮುದುಕಿ ಕೈ ತೆಗೆದಿರಲಿಲ್ಲ. ಉಳಿದರ್ಧ ಕಡಗ ಅವಳ ಬೆರಳಡಿಯಲ್ಲಿ ನಡುಗುತ್ತಿತ್ತು.

ಆ ದಿನವೇ ಅವನು ಅರವನ್ನು ಗಂಟೆಯ ಪಕ್ಕದಲ್ಲಿ ಇಟ್ಟ. ಮತ್ತೆ ಅದನ್ನು ಯಾರೂ ಎತ್ತಲಿಲ್ಲ.

ಗುರುಗಳು ಶಿಷ್ಯನತ್ತ ತಿರುಗಿ ಹೇಳಿದರು: “ಅರ ಅಲ್ಲೇ ಇದೆಯಲ್ಲ ಮುರಿಗೆಯ್ಯ, ಇನ್ನರ್ಧ ನೀನೇ ಹೋಗಿ ಉಜ್ಜಿ ಬಾ.”