ಕಂದಕ ತುಂಬಿಸಿದ ಸಣ್ಣೀರಮ್ಮ

ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಕಾಲ. ಹುಣಸೆಮಡುವಿನ ಮಣ್ಣಿನ ಕೋಟೆಯಲ್ಲಿ ಫ್ರೆಂಚರಿದ್ದರು. ಅವರ ಗುಂಡಿಗೆ ಸಿಗದಂತೆ ಕೋಟೆಯ ಹತ್ತಿರ ಹೋಗಲು ಇಂಗ್ಲಿಷ್ ಸಿಪಾಯಿಗಳು ಹೊಳೆದಂಡೆಯಿಂದ ಹೊಲಗಳ ನಡುವೆ ಉದ್ದನೆಯ ಕಂದಕ ತೋಡಿದರು. ತೋಡಿ ಮುಗಿಯುವಷ್ಟರಲ್ಲಿ ರಾಜಿಯಾಯಿತೆಂದು ಕಾಗದ ಬಂತು.

ಇಂಗ್ಲಿಷ್ ಕಪ್ತಾನನಿಗೆ ಮುಖಭಂಗವಾಯಿತು. ಊರವರನ್ನು ಕರೆಸಿ ಗುಡುಗಿದ. ದುಬಾಷಿ ಅದನ್ನೇ ಕನ್ನಡದಲ್ಲಿ ಹೇಳಿದ: "ನಾಳೆ ಈ ಕಂದಕದಲ್ಲಿ ಫ್ರೆಂಚರು ಅಡಗಿ ಕೂರಬಾರದು. ಸಂಜೆಯೊಳಗೆ ಬಾಯಿಮಟ್ಟ ತುಂಬಿಸಿ. ಇಲ್ಲದಿದ್ದರೆ ನಿಮ್ಮ ಬಣವೆಗಳಿಗೆ ಬೆಂಕಿ!"

ನೂರು ಜನ ತಿಂಗಳಿಡೀ ತೋಡಿದ್ದನ್ನು ಅರ್ಧ ದಿನದಲ್ಲಿ ಮುಚ್ಚುವುದು ಹೇಗೆ? ಊರವರು ತಲೆಯ ಮೇಲೆ ಕೈ ಹೊತ್ತು ಕೂತರು. ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಸಣ್ಣೀರಮ್ಮ ಮಾತ್ರ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ದೊರೆಗಳು ನೆರಳಲ್ಲಿ ಕೂತಿರ್ಲಿ ಸ್ವಾಮಿ. ತುಂಬಿಸ್ತೀವಿ," ಅಂದಳು.

ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಹೊಳೆಗೂ ಕಂದಕಕ್ಕೂ ನಡುವೆ ಉಳಿದಿದ್ದ ದಿಬ್ಬವನ್ನು ಕಡಿಸಿದಳು. ನೀರು ನುಗ್ಗಿತು. ಹೊತ್ತು ಮುಳುಗುವ ಮುನ್ನ ಕಂದಕ ತುಳುಕಿತು.

ಕಪ್ತಾನ ಕೆಂಪಾಗಿ ಕೂಗಿದ: "ಇದು ಮಣ್ಣಲ್ಲ, ನೀರು!"

"ತುಂಬಿಸಿ ಅಂದ್ರಿ, ತುಂಬಿಸಿದ್ವಿ. ಇನ್ನು ಇದ್ರಲ್ಲಿ ಅಡಗ್ಬೇಕು ಅಂದ್ರೆ ಫ್ರೆಂಚರು ಮೀನಾಗಿ ಹುಟ್ಟಿ ಬರ್ಬೇಕು ದೊರೆ!"

ದುಬಾಷಿ ನಗು ತಡೆದುಕೊಂಡು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಕಪ್ತಾನ ಕಂದಕ ನೋಡಿದ, ಕೋಟೆ ನೋಡಿದ, ಕೊನೆಗೆ ತಾನೂ ನಕ್ಕುಬಿಟ್ಟ. ಕುದುರೆ ಹತ್ತಿ ಹೊರಟೇಹೋದ.

ಬಣವೆಗಳು ಉಳಿದವು. ಆ ವರ್ಷ ಸಣ್ಣೀರಮ್ಮ ತನ್ನ ಹೊಲದಲ್ಲಿ ಮೊದಲ ಸಲ ಭತ್ತ ನಾಟಿ ಮಾಡಿದಳು.