ಈಶ್ವರಿ ಬಳ್ಳಿಯ ಮೂರು ದೊನ್ನೆ

ನೆಟ್ಟಗೆ ಕುಳಿತು ಕೇಳಿ, ಮಕ್ಕಳೇ. ಘಟ್ಟದ ಕಾಡಿನ ಅಂಚಿನಲ್ಲಿ ಒಂದು ರಾಜ್ಯವಿತ್ತು. ಆಳುತ್ತಿದ್ದವನು ಸೋಮಭೂಪ. ಅವನ ತೋಟಕ್ಕೆ ಮಣ್ಣು ಹೊತ್ತು, ನೀರು ಹೊತ್ತು ದುಡಿಯುತ್ತಿದ್ದವಳು ದುಗ್ಗಮ್ಮ.

ತೋಟದ ಮೂಲೆಯಲ್ಲಿ ಅವಳು ಈಶ್ವರಿ ಬಳ್ಳಿ ಬೆಳೆಸಿದ್ದಳು. ಕಾಡಿನ ಹೊನ್ನರೆಕ್ಕೆಯ ಚಿಟ್ಟೆ ಮೊಟ್ಟೆಯಿಡುವುದು ಆ ಬಳ್ಳಿಯ ಮೇಲೆಯೇ. ಅಂಗೈಯಗಲದ ಚಿಟ್ಟೆಗಳು ತೋಟದ ತುಂಬ ಹಾರಾಡಿದವು. ಅರಸ ಹಿಗ್ಗಿದ. ಇದು ಯಾರ ಕೆಲಸವೆಂದು ಕೇಳಿದ. ತೋಟದ ಮೇಲ್ವಿಚಾರಣೆಯ ಪಾರುಪತ್ತೇಗಾರ ಚೆಲುವಯ್ಯ ಮುಂದೆ ಬಂದು, ತನ್ನದೇ ಎಂದ. ಅವನಿಗೆ ಶಾಲು ಹೊದಿಸಲು ದಿನ ಗೊತ್ತಾಯಿತು.

ಶಾಲಿನ ದಿನ ತೋಟ ಚೊಕ್ಕಟವಾಗಿರಬೇಕಲ್ಲ? ಈಶ್ವರಿ ಬಳ್ಳಿಯ ಎಲೆಗಳೋ ಹುಳು ತಿಂದು ಬರಿಯ ತೂತು. ಬುಡಸಹಿತ ಕಿತ್ತುಹಾಕಲು ಚೆಲುವಯ್ಯ ಅಪ್ಪಣೆಮಾಡಿದ. ಬಳ್ಳಿ ಹೋದರೆ ಚಿಟ್ಟೆಯ ಸಂತಾನವೇ ಹೋಗುತ್ತದೆಂದು ದುಗ್ಗಮ್ಮ ಬೇಡಿಕೊಂಡಳು.

"ಗೊಬ್ಬರ ಹೊರುವವಳಿಗೆ ಚಿಟ್ಟೆಯ ಉಸಾಬರಿ ಏಕೆ? ನಾಳೆ ಬಳ್ಳಿ ಇದ್ದರೆ, ನೀನಿರುವುದಿಲ್ಲ" ಎಂದು ಚೆಲುವಯ್ಯ ಗದರಿದ.

ಮರುದಿನ ದುಗ್ಗಮ್ಮ ಮೂರು ದೊನ್ನೆ ಹಿಡಿದು ನೇರವಾಗಿ ಒಡ್ಡೋಲಗಕ್ಕೆ ನಡೆದಳು. ಬಳ್ಳಿ ಕೀಳುವ ಮುನ್ನ, ಅದರಲ್ಲಿ ಸಿಕ್ಕಿದ್ದನ್ನು ಏನು ಮಾಡಬೇಕೆಂದು ಯಜಮಾನರು ಮಹಾಸ್ವಾಮಿಗಳ ಎದುರಿಗೇ ಹೇಳಲಿ ಎಂದು ಬಿನ್ನವಿಸಿದಳು. ತನ್ನ ಬಿಗಿ ತೋರಿಸಲು ಚೆಲುವಯ್ಯ ಎದೆಯುಬ್ಬಿಸಿ ನಿಂತ.

ಮೊದಲ ದೊನ್ನೆಯಲ್ಲಿ ಒಂದು ಎಲೆ. ಎಲೆಯಡಿಯಲ್ಲಿ ಕೆಂಪು ಕಾಳು.

"ರೋಗ. ಸುಟ್ಟುಬಿಡು" ಎಂದ ಚೆಲುವಯ್ಯ.

ಎರಡನೆಯದರಲ್ಲಿ ಮೈತುಂಬ ಮೊನೆಗಳಿದ್ದ ಕಪ್ಪು ಹುಳು.

"ಪೀಡೆ. ಹೊಸಕಿಹಾಕು."

ಮೂರನೆಯದರಲ್ಲಿ ಕಡ್ಡಿಗಂಟಿದ ಕಂದುಬಣ್ಣದ ಮುದುರು.

"ತರಗೆಲೆ. ಗುಡಿಸಿ ಎಸೆ."

ದುಗ್ಗಮ್ಮ ತಲೆಯಾಡಿಸಿದಳು. "ಮೊಟ್ಟೆ ಸುಟ್ಟಿರಿ. ಮರಿ ಹೊಸಕಿದಿರಿ. ಗೂಡು ಎಸೆದಿರಿ. ಹಾರುವುದಕ್ಕೆ ಇನ್ನೇನು ಉಳಿಯಿತು, ಯಜಮಾನರೇ?"

ಸಭೆ ಗೊಳ್ಳೆಂದಿತು. ಇವಳ ಮಾತು ನಿಜವೆಂಬುದಕ್ಕೆ ಸಾಕ್ಷಿ ಏನೆಂದು ಚೆಲುವಯ್ಯ ರೇಗಿದ. ಚಿಟ್ಟೆ ಹೊರಬರುವ ಹೊತ್ತಿಗೆ ಗೂಡಿನ ಬಣ್ಣ ಕಪ್ಪೇರುತ್ತದೆ; ಅದನ್ನು ದುಗ್ಗಮ್ಮ ಬೆಳಗ್ಗೆಯೇ ಕಂಡಿದ್ದಳು. ಕೊಂಚ ತಾಳಿರೆಂದಳು. ಮುದುರು ಬಿರಿಯಿತು. ಒದ್ದೆ ಜೀವವೊಂದು ಹೊರಬಂದು ಕಡ್ಡಿಗೆ ಜೋತುಬಿತ್ತು. ಸುಕ್ಕು ಬಿಡಿಸಿತು, ಹೊನ್ನಿನ ರೆಕ್ಕೆ ಹರಡಿತು. ಆರಿದ ಮೇಲೆ ಹಾರಿ, ಚೆಲುವಯ್ಯನ ರುಮಾಲಿನ ಮೇಲೆಯೇ ಕುಳಿತಿತು.

ಅರಸ ಶಾಲನ್ನು ದುಗ್ಗಮ್ಮನಿಗೆ ಹೊದಿಸಿದ. ತೋಟದ ಅಧಿಕಾರವನ್ನೂ ಕೊಟ್ಟ. ಚೆಲುವಯ್ಯನ ಕೈಗೆ ಕೊಡ ಬಂತು. ದಿನವೂ ಆ ಬಳ್ಳಿಗೆ ನೀರೆರೆಯಬೇಕು. ಎಲೆಯಲ್ಲಿ ತೂತು ಕಡಿಮೆಯಾದರೆ ವಿಚಾರಣೆ ಅವನಿಗೇ.

ನೀತಿ ಇಷ್ಟು: ಹುಳುವನ್ನು ಸಾಕದವನಿಗೆ ಚಿಟ್ಟೆಯ ಮೇಲೆ ಹಕ್ಕಿಲ್ಲ. ಪರರ ದುಡಿಮೆಯನ್ನು ತನ್ನದೆನ್ನುವವನು ಬಾಯಿ ತೆರೆದೊಡನೆ ಸಿಕ್ಕಿಬೀಳುತ್ತಾನೆ.