ಹಪ್ಪಳದ ಮೇಲಿನ ಮಣೆ

"ಗುರುಗಳೇ, ಇಬ್ಬರು ಒಪ್ಪಿದ ಮೇಲೂ ಮೂರನೆಯವಳ ಮಾತು ಕೇಳಲೇಬೇಕೆ?"

ಕೇಳಿದವನು ಧರಣೇಂದ್ರ. ಯಂತ್ರಗಳ ವಿನ್ಯಾಸ ಕಲಿಯಲು ಗುರುಗಳ ಬಳಿ ಇದ್ದ ಮೂವರಲ್ಲಿ ಅವನೊಬ್ಬ. ಇನ್ನೊಬ್ಬ ಚನ್ನವೀರ, ಅವನ ಪಕ್ಕದಲ್ಲೇ ನಿಂತಿದ್ದ. ಮೂರನೆಯವಳು ತುಳಜಾ, ಆಗ ಅಲ್ಲಿರಲಿಲ್ಲ. ಒಂದು ಯಂತ್ರದಲ್ಲಿ ಹಿಂದೆಮುಂದೆ ನೇರವಾಗಿ ಜಾರುವ ಭಾಗದ ನಕ್ಷೆಯನ್ನು ಮೂವರೂ ಸೇರಿ ಮಾಡಿಕೊಡಬೇಕಿತ್ತು. ಮರುದಿನ ನಕ್ಷೆ ಎರಕದ ಮನೆಗೆ ಹೋಗಬೇಕು. ಕಬ್ಬಿಣ ಹೊಯ್ದ ಮೇಲೆ ಅಳಿಸಿ ಬರೆಯುವಂತಿಲ್ಲ. ಆದರೆ ಇಬ್ಬರೂ 'ಮುಗಿಯಿತು' ಎಂದಾಗಲೆಲ್ಲ ತುಳಜಾ 'ಎಲ್ಲಿ ಮುಗಿಯಿತು?' ಎನ್ನುತ್ತಿದ್ದಳು. ಧರಣೇಂದ್ರನಿಗೆ ಅವಳ ದನಿ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

"ಅವಳನ್ನು ಬೇರೆ ಕೆಲಸಕ್ಕೆ ಹಾಕಿಬಿಡಿ. ನಮ್ಮಿಬ್ಬರ ನಡುವೆ ಇವತ್ತಿನವರೆಗೆ ಒಂದು ಎದುರುಮಾತು ಬಂದಿಲ್ಲ," ಎಂದ ಧರಣೇಂದ್ರ.

"ಒಂದೂ ಬಂದಿಲ್ಲ," ಎಂದ ಚನ್ನವೀರ.

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ಕೂತುಕೊಳ್ಳಿ," ಎಂದು ಕತೆ ಶುರು ಮಾಡಿದರು.

ಒಂದೂರಲ್ಲಿ ಒಬ್ಬ ಭಾವ, ಒಬ್ಬ ಮೈದುನ. ಇಬ್ಬರೂ ಗಳಸ್ಯ ಕಂಠಸ್ಯ. ಭಾವ ಕೆಮ್ಮಿದರೆ ಮೈದುನ ಗಂಟಲು ಸರಿಮಾಡಿಕೊಳ್ಳುವನು. ಇಬ್ಬರೂ ಸೇರಿ ಸಾಣೆ ಹಿಡಿಯುವ ಯಂತ್ರವೊಂದನ್ನು ಮಾಡಲು ಹೊರಟರು. ಅಚ್ಚುಕೂಟಗಳಲ್ಲಿ ಕಾಗದದ ಕಟ್ಟು ಕತ್ತರಿಸುವ ಉದ್ದನೆಯ ಅಲಗುಗಳಿರುತ್ತವಲ್ಲ, ಅವುಗಳಿಗೆ ಸಾಣೆ ಹಿಡಿಯಬೇಕು. ಯಂತ್ರ ಗೆದ್ದರೆ ಊರಿನ ಅಲಗೆಲ್ಲ ಇವರ ಬಾಗಿಲಿಗೆ. ಸೋತರೆ ಭಾವ ಮತ್ತೆ ಬೀಗ ರಿಪೇರಿಗೆ ಕೂರಬೇಕು.

ಯಂತ್ರದಲ್ಲಿ ಕೆಳಗೆ ಅಲ್ಲಾಡದೆ ಕೂತಿರುವುದು ಬೆಡ್ಡು. ಅಲಗನ್ನು ಹೊತ್ತು ಸಾಣೆಕಲ್ಲಿನ ಅಡಿಯಲ್ಲಿ ಅದರ ಮೇಲೆ ಜಾರುವುದು ಟೇಬಲ್ಲು. ಒಂದರ ಮೇಲೊಂದು ಕೂರುವ ಮೈ ಸಮವಾಗಲೆಂದು ಬೆಡ್ಡನ್ನು ಭಾವ ಹೆರೆದ, ಟೇಬಲ್ಲನ್ನು ಮೈದುನ ಹೆರೆದ. ಇವೆರಡರ ಜೊತೆಗೆ ಪರೀಕ್ಷೆಗೆಂದು ಅಷ್ಟೇ ಉದ್ದದ ಮೂರನೆಯ ಕಬ್ಬಿಣದ ಮಣೆಯೊಂದನ್ನೂ ಹೆರೆದಿಡುವುದು ಆ ಕಸುಬಿನ ಹಳೆಯ ಪದ್ಧತಿ. ಒಂದಕ್ಕೆ ತೆಳ್ಳಗೆ ನೀಲಿ ಬಣ್ಣ ಸವರಿ ಇನ್ನೊಂದನ್ನು ಮೇಲಿಟ್ಟು ಉಜ್ಜಬೇಕು. ಉಬ್ಬಿದ ಕಡೆ ನೀಲಿ ಹತ್ತುತ್ತದೆ, ಹತ್ತಿದ ಕಡೆ ಹೆರೆಯಬೇಕು. ಹೀಗೆ ಮೂರನ್ನೂ ಒಂದಕ್ಕೊಂದು ಹೊಂದಿಸಬೇಕು.

ಬೆಡ್ಡಿನ ಮೇಲೆ ಟೇಬಲ್ಲು ಇಟ್ಟರು. ಅಬ್ಬಬ್ಬಾ, ಏನು ಕೂತಿತು! ನಡುವೆ ಬೆಳಕು ಕೂಡ ನುಸುಳಲಿಲ್ಲ. ತಳ್ಳಿದರೆ ತುಪ್ಪದ ಮೇಲೆ ಜಾರಿದ ಹಾಗೆ ಜಾರಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇದಂತೂ ಹೆಗ್ಗಣವೂ ಅಲ್ಲ, ಮೊಲದ ಮರಿಯಂತಿತ್ತು. ಇಬ್ಬರೂ ಕಣ್ಣೊರೆಸಿಕೊಂಡರು.

ಆಮೇಲೆ ಮಣೆಯನ್ನು ಇಟ್ಟು ನೋಡಿದರು. ಬೆಡ್ಡಿನ ಮೇಲಿಟ್ಟರೆ ಅದರ ಎರಡು ಕೊನೆ ಮಾತ್ರ ತಾಗಿದವು. ಟೇಬಲ್ಲಿನ ಹೆರೆದ ಮೈಗೆ ಹಿಡಿದರೆ ನಡು ಮಾತ್ರ ತಾಗಿ ತಕ್ಕಡಿಯ ಹಾಗೆ ತೂಗಾಡಿತು.

"ನೋಡಿದೆಯಾ? ಅಲ್ಲೊಂದು ಮಾತು, ಇಲ್ಲೊಂದು ಮಾತು. ಎರಡು ನಾಲಿಗೆಯ ಮಣೆ," ಎಂದ ಭಾವ. ಮೈದುನ ಅದಕ್ಕೂ ಹೂಂಗುಟ್ಟಿದ. ಇಬ್ಬರು ಒಪ್ಪಿದ ಮೇಲೆ ಮೂರನೆಯದರ ಮಾತೇನು? ಮಣೆಯನ್ನು ಮನೆಯ ಕಡೆಗೆ ಅಟ್ಟಿದರು. ಭಾವನ ಹೆಂಡತಿ ಆಗ ಜಗಲಿಯಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಮುದುರದಿರಲೆಂದು ಅವುಗಳ ಮೇಲೆ ಮಣೆಯನ್ನು ಹೇರಿದಳು. ಹಪ್ಪಳಕ್ಕೆ ನೀಲಿ ಹತ್ತೀತೆಂದು ಹೆರೆದ ಮೈಯನ್ನು ಮೇಲೆ ಮಾಡಿಟ್ಟಳು.

ಯಂತ್ರ ನಿಂತಿತು. ಅಚ್ಚುಕೂಟದ ಯಜಮಾನನೊಬ್ಬ ಎರಡು ಅಲಗು ತಂದು ಸಾಣೆ ಹಿಡಿಸಿಕೊಂಡು ಹೋದ. ಮರುದಿನ ಬೆಳಿಗ್ಗೆ ಕಂಕುಳಲ್ಲಿ ಎರಡೂ ಅಲಗು, ತಲೆಯ ಮೇಲೆ ಲಗ್ನಪತ್ರಿಕೆಯ ಕಟ್ಟು ಹೊತ್ತು ಓಡೋಡಿ ಬಂದ. ಕಟ್ಟು ಎರಡು ಕೊನೆಯಲ್ಲಿ ಕತ್ತರಿಸಿತ್ತು, ನಡುವೆ ಹಾಗೇ ಅಂಟಿಕೊಂಡಿತ್ತು.

"ಸ್ವಾಮಿ, ಮದುವೆ ಶುಕ್ರವಾರ. ಪತ್ರಿಕೆ ಹಂಚುವುದೋ, ಹರಿದು ಹಂಚುವುದೋ?" ಎಂದ.

ಭಾವನಿಗೆ ಸಿಟ್ಟು ಬಂತು. ಮೈದುನನಿಗೂ ಅಷ್ಟೇ ಬಂತು. ಟೇಬಲ್ಲನ್ನು ಎತ್ತಿ ಬೋರಲು ಹಾಕಿದರು. ಅವರ ಪ್ರಪಂಚದಲ್ಲಿ ಅದಕ್ಕಿಂತ ನೇರವಾದದ್ದು ಇನ್ನೊಂದಿರಲಿಲ್ಲ. ಅದರ ಹೆರೆದ ಮೈಯ ಮೇಲೆ ಒಂದು ಅಲಗಿನ ಬಾಯಿ ತಾಗಿಸಿದರು. ಸರಿಯಾಗಿ ಕೂತಿತು. ಕೂದಲೆಳೆಯಷ್ಟೂ ಬೆಳಕಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಕಾಗದವೇ ಸರಿಯಿಲ್ಲ, ಹೋಗ್ರೀ," ಎಂದ ಭಾವ.

ಯಜಮಾನ ತಬ್ಬಿಬ್ಬಾದ. ಕಣ್ಣೆದುರಿಗೇ ಕೂತಿದೆ, ಏನೆಂದು ವಾದ ಮಾಡುವುದು? ಪಾಪ, ಕಾಗದವೇ ಸರಿಯಿಲ್ಲವೇನೋ ಎಂದುಕೊಳ್ಳುತ್ತ ಜಗಲಿಯಲ್ಲಿ ಕುಸಿದ. ಭಾವನ ಹೆಂಡತಿ ಮಜ್ಜಿಗೆ ತಂದಳು. ಲೋಟ ತೆಗೆದುಕೊಳ್ಳಲು ಅಲಗನ್ನು ಎಲ್ಲಾದರೂ ಇಡಬೇಕಲ್ಲ? ಬಾಯಿ ಕೆಳಗೆ ಮಾಡಿ ಹಪ್ಪಳದ ಮೇಲಿನ ಮಣೆಗೆ ಊರಿದ. ಅಲಗಿನ ನಡುಭಾಗಕ್ಕೂ ಮಣೆಗೂ ನಡುವೆ ಆಚೆಯ ಬಿಸಿಲು ಸಣ್ಣಗೆ ಕಾಣಿಸಿತು.

"ಆ ಮಣೆಯ ಸಾಕ್ಷಿ ನಡೆಯುವುದಿಲ್ಲ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಯಜಮಾನ ಮಜ್ಜಿಗೆ ಮರೆತ. ಮಣೆ ಬೇಡವೆಂದರೆ ಬೇಡ. ಅದೇ ಯಂತ್ರದಲ್ಲಿ ಸಾಣೆ ಹಿಡಿದ ಇನ್ನೊಂದು ಅಲಗು ಅವನ ಬಳಿ ಇತ್ತು. ಎರಡರ ಬಾಯಿಯನ್ನೂ ಎದುರುಬದುರಾಗಿ ಕೂಡಿಸಿ ಬಿಸಿಲಿಗೆ ಹಿಡಿದ. ಎರಡೂ ನೇರವಿದ್ದಿದ್ದರೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಕೊನೆಗಳು ಕೂಡಿದವು, ನಡುವೆ ಮಾತ್ರ ಮೊದಲಿಗಿಂತ ಎರಡರಷ್ಟು ಬಿಸಿಲು ಬಂತು.

ಆಗ ಬಾಯಿ ಮುಚ್ಚಿಕೊಂಡವರು ಭಾವ, ಮೈದುನ. ಹೆರೆಯುವಾಗ ಭಾವನ ಕೈ ನಡುವೆ ಭಾರ ಬಿದ್ದು ಬೆಡ್ಡು ತಗ್ಗಾಗಿತ್ತು. ಮೈದುನ ಭಾವನಿಗೆ ಎದುರಾಡಿದವನೇ ಅಲ್ಲ. ಆ ತಗ್ಗಿಗೆ ಸರಿಯಾಗಿ ತನ್ನ ಟೇಬಲ್ಲು ಉಬ್ಬುವಂತೆ ಹೆರೆದಿದ್ದ. ತಗ್ಗಿನಲ್ಲಿ ಉಬ್ಬು ಕೂತು ತುಪ್ಪದಂತೆ ಜಾರಿತು, ಜಾರಿದ್ದು ಮಾತ್ರ ತೊಟ್ಟಿಲಿನ ಹಾಗೆ ಡೊಂಕಾಗಿ. ಅಲಗಿಗೂ ಅದೇ ತಗ್ಗು ಬಂತು, ಆದ್ದರಿಂದಲೇ ಟೇಬಲ್ಲಿನ ಉಬ್ಬಿಗೆ ಅದು ಅಷ್ಟು ಚೆನ್ನಾಗಿ ಹೊಂದಿತು. ಗಾದೆ ಸುಳ್ಳಲ್ಲ ಕಣ್ರಯ್ಯಾ, ಆದರೆ ಒಮ್ಮೊಮ್ಮೆ ನೆಲವೂ ನಿಜವಾಗಿ ಡೊಂಕಿರುತ್ತದೆ.

ಭಾವ ತಾನೇ ಹೋಗಿ ಮಣೆಯನ್ನು ಹೊತ್ತು ತಂದ. ಮೂರನ್ನೂ ಮೊದಲಿನಿಂದ ಹೆರೆದರು. ಮಣೆಯೂ ಅಂಥ ಸಂಭಾವಿತನೇನಲ್ಲ, ಅದರದ್ದೂ ಒಂದು ಮೂಲೆ ಉಬ್ಬಿತ್ತು. ಒಂದರ ತಪ್ಪನ್ನು ಇನ್ನೊಂದು ತೋರಿಸುತ್ತ, ಜಗಳವಾಡುತ್ತ, ಮೂರೂ ನೇರವಾದವು. ಶುಕ್ರವಾರಕ್ಕೆ ಮುಂಚೆ ಪತ್ರಿಕೆಗಳು ಬಿಡಿಬಿಡಿಯಾದವು. ಆ ವರ್ಷದ ಹಪ್ಪಳ ಮಾತ್ರ ಮುದುರಿದವು.

ಕತೆ ಮುಗಿಸಿ ಗುರುಗಳು ಕನ್ನಡಕ ಹಾಕಿಕೊಂಡರು.

ಕತೆ ಧರಣೇಂದ್ರನಿಗೆ ಹಿಡಿಸಿತ್ತು. ತನ್ನ ಮೇಲೆ ಬಂದದ್ದು ಮಾತ್ರ ಹಿಡಿಸಲಿಲ್ಲ. "ಗುರುಗಳೇ, ಅವರಿಬ್ಬರೂ ಡೊಂಕಿದ್ದರು. ನಾವು ಹಾಗಲ್ಲ. ನಾವಿಬ್ಬರೂ ನೇರವಾಗಿಯೇ ಇದ್ದೇವೆ," ಎಂದ.

"ನೇರವಾಗಿಯೇ ಇದ್ದೇವೆ," ಎಂದ ಚನ್ನವೀರ, ಅವನ ಮಾತು ಮುಗಿಯುವ ಮೊದಲೇ.

"ಆಹಾ, ಎಷ್ಟು ಚೆನ್ನಾಗಿ ಕೂತಿತು ನೋಡಿ, ನಡುವೆ ಬೆಳಕೇ ಇಲ್ಲ!" ಎಂದರು ಗುರುಗಳು.

ಧರಣೇಂದ್ರ ಎದ್ದು ತುಳಜಾಳನ್ನು ಕರೆಯಲು ಹೊರಟ. ಚನ್ನವೀರನೂ ಎದ್ದು ಹೊರಟ.